ಔಷಧಿ ಹೊಡೆಯುವ ಮೊದಲು ಒಂದು ಗರಿ ಕೆಡವಿ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ತಿಪಟೂರು ಸೀಮೆಯಲ್ಲಿ ತೆಂಗಿನಮರ ಹತ್ತಿ ಕಾಯಿ ಕೆಡವುವವನು. ಈ ಕೆಲಸಕ್ಕೆ ಬಿದ್ದು 31 ವರ್ಷವಾಯಿತು. ಓದಿದ್ದು ಎಸ್ಸೆಸ್ಸೆಲ್ಸಿ, ಅದರಲ್ಲೂ ಗಣಿತ ಎರಡು ಸಲ ಹೋಗಿ ಮೂರನೇ ಸಲಕ್ಕೆ ಪಾಸಾಯಿತು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು, ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ. ಹೆಸರು ಮಾತ್ರ ಹಾಕಬೇಡಿ. ನನ್ನನ್ನು ಕೆಲಸಕ್ಕೆ ಕರೆಯುವ ತೋಟದವರ ವಿಷಯವೂ ಇದರಲ್ಲಿದೆ, ನಾಳೆ ಅವರ ಮುಂದೆಯೇ ಹೋಗಿ ನಿಲ್ಲಬೇಕು.

ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವಿನ ಹಾವಳಿಗೆ ಡ್ರೋನ್ ತರಿಸಿ ಊರಿಗೆ ಊರೇ ಔಷಧಿ ಹೊಡೆಸಬೇಕು ಎಂದು ಬೆಳೆಗಾರರು ಒತ್ತಾಯ ಮಾಡಿದ ಸುದ್ದಿಯನ್ನು ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಫೋಟೊದಲ್ಲಿ ತೋಟ ಬೆಂಕಿ ಬಿದ್ದು ಆರಿದ ಹಾಗೆ ಕಾಣುತ್ತಿತ್ತು. ಆ ಸಂಕಟ ನನಗೂ ಗೊತ್ತು ಸ್ವಾಮಿ. ಕಾಯಿ ಇಲ್ಲದ ಮರಕ್ಕೆ ನನ್ನನ್ನು ಯಾರು ಹತ್ತಿಸುತ್ತಾರೆ? ಆದರೆ ಡ್ರೋನು ಔಷಧಿ ಸುರಿಯುವುದು ಮೇಲಿಂದ. ಹುಳು ಕೂತಿರುವುದು ಗರಿಯ ತಳಭಾಗದಲ್ಲಿ, ಅದೂ ತನ್ನ ನೂಲು ಮತ್ತು ಹಿಕ್ಕೆ ಸೇರಿಸಿ ಕಟ್ಟಿಕೊಂಡ ಸುರಂಗದೊಳಗೆ. ಮಳೆಯಲ್ಲಿ ಛತ್ರಿ ಹಿಡಿದವನನ್ನು ನೆನೆಸಲು ಮೇಲಿಂದ ಬಿಂದಿಗೆ ಸುರಿದ ಹಾಗೆ. ನೆನೆಯುವವನು ಪಕ್ಕದಲ್ಲಿ ಛತ್ರಿಯಿಲ್ಲದೆ ನಿಂತವನು. ಆ ಪಕ್ಕದವನು ಯಾರು ಎಂದು ಹೇಳುವುದಕ್ಕೇ ಈ ಕಾಗದ.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಆಹಾರ ಸರಪಳಿಯ ಚಿತ್ರ ಬರೆದುಕೊಂಡು ಹೋಗಬೇಕಿತ್ತು. ಹುಲ್ಲನ್ನು ಮಿಡತೆ, ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಹಾವು, ಹಾವನ್ನು ಹದ್ದು. ನಾನೂ ಶಾಲೆಯಲ್ಲಿ ಇದನ್ನೇ ಬರೆದಿದ್ದೆ. ಹದ್ದಿಗೆ ಬಣ್ಣ ಬಳಿಯುತ್ತಾ ಅವಳು, 'ಅಪ್ಪಾ, ಯಾವಾಗಲೂ ದೊಡ್ಡದೇ ಸಣ್ಣದನ್ನು ತಿನ್ನೋದಾ?' ಎಂದು ಕೇಳಿದಳು. ಹೌದು ಅಂದುಬಿಟ್ಟೆ. ಆಮೇಲೆ ಅವಳು ವಿಜ್ಞಾನ ಮೇಳಕ್ಕೆಂದು ಕೊಂಡಿದ್ದ ಭೂತಗನ್ನಡಿ ಮನೆಯಲ್ಲಿ ಬಿದ್ದಿತ್ತು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತಲು ಶುರು ಮಾಡಿದೆ. ಹೌದು ಅಂದದ್ದು ತಪ್ಪು ಎಂದು ಗೊತ್ತಾದದ್ದು ಆಗ. ಅಲ್ಲಿ ಮೇಲೆ ಸಣ್ಣದೇ ದೊಡ್ಡದನ್ನು ತಿನ್ನುತ್ತದೆ. ಒಂದೇ ಏಟಿಗೆ ಕೊಂದು ತಿನ್ನುವುದೂ ಇಲ್ಲ.

ಎರಡು ವರ್ಷದ ಹಿಂದೆ, ಶಿವರಾತ್ರಿಗೆ ಮುಂಚೆ, ಮೂರೂವರೆ ಎಕರೆಯ ಒಂದು ತೋಟಕ್ಕೆ ಕಾಯಿ ಕೆಡವಲು ಹೋಗಿದ್ದೆ. ಕೆಳಗಿನ ಸುತ್ತಿನ ಗರಿಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಈ ಹುಳು ಶುರು ಮಾಡುವುದೇ ಹಳೇ ಗರಿಯಿಂದ. ಒಂದು ಗರಿ ಕಡಿದು ಕೆಳಗೆ ಹಾಕಿ, ಇಳಿದು ಬಂದು ಮಗುಚಿ ನೋಡಿದೆ. ಒಂದೊಂದು ಎಲೆಯ ತಳದಲ್ಲೂ ಕಡ್ಡಿಯ ಪಕ್ಕದಲ್ಲಿ ಸುರಂಗ, ಮರದ ಹೊಟ್ಟು ಮೆತ್ತಿದ ಹಾಗೆ. ಕಡ್ಡಿಪುಳ್ಳೆಯಿಂದ ಬಿಡಿಸಿದರೆ ಒಳಗಿಂದ ಹಸಿರು ಹುಳು, ಮೈಮೇಲೆ ಕಂದು ಗೆರೆ, ಕರೀ ತಲೆ, ಸರಸರನೆ ಹಿಂದಕ್ಕೆ ಸರಿಯುತ್ತದೆ. ಎಲೆಯನ್ನು ಪೂರ್ತಿ ತಿನ್ನುವುದಿಲ್ಲ ಅದು. ತಳದ ಹಸಿರನ್ನು ಕೆರೆದು ಕೆರೆದು ತಿಂದು ಮೇಲಿನ ಪೊರೆಯನ್ನು ಬಿಟ್ಟಿರುತ್ತದೆ. ಬಿಸಿಲಿಗೆ ಹಿಡಿದರೆ ಎಣ್ಣೆ ಕಾಗದದಂತೆ ಬೆಳಕು ತೂರುತ್ತದೆ.

ನಾಲ್ಕನೇ ಸುರಂಗದಲ್ಲಿದ್ದ ಹುಳು ಸರಿಯಲಿಲ್ಲ. ಮುಟ್ಟಿದರೂ ಮಿಸುಕಲಿಲ್ಲ. ಸತ್ತಿರಲಿಲ್ಲ, ಮೈ ಇನ್ನೂ ಹಸಿಯಾಗಿತ್ತು, ಆದರೆ ಜೋಲು ಬಿದ್ದಿತ್ತು. ಭೂತಗನ್ನಡಿ ಹಿಡಿದರೆ ಅದರ ಮೈಗೆ ಸಾಸಿವೆಗಿಂತ ಸಣ್ಣ ಮಣಿಗಳು ಅಂಟಿಕೊಂಡಿವೆ. ಎಣಿಸಿದೆ, ಒಂಬತ್ತು. ಮಣಿಯಲ್ಲ, ಮರಿಗಳು, ಹುಳುವಿನ ಮೈಗೆ ಬಾಯಿಟ್ಟು ಹೀರುತ್ತಿದ್ದವು. ಪಕ್ಕದಲ್ಲೇ ಇರುವೆಯಂಥ ಕರೀ ಜೀವವೊಂದು ನಿಂತಿತ್ತು. ಬೆರಳು ಹತ್ತಿರ ತಂದರೂ ಓಡಲಿಲ್ಲ, ಅತ್ತ ಸುತ್ತಿ ಇತ್ತ ಬಂದು ಮತ್ತೆ ಅಲ್ಲೇ ನಿಂತಿತು. ಅದು ತಾಯಿ.

ಇದೇ ಗೋನಿಯೋಜಸ್. ಪೂರ್ತಿ ಹೆಸರು ಗೋನಿಯೋಜಸ್ ನೆಫಾಂಟಿಡಿಸ್, ನಮ್ಮೂರಿನವರ ಬಾಯಲ್ಲಿ 'ಗೋಣಿ ಹುಳ' ಆಗಿದೆ. ಕಣಜದ ಹುಳುವಿನ ಜಾತಿಯದು, ಉದ್ದ ಮೂರು ನಾಲ್ಕು ಮಿಲಿಮೀಟರ್. ತನಗಿಂತ ಎಷ್ಟೋ ಪಟ್ಟು ದೊಡ್ಡ ಕಪ್ಪುತಲೆ ಹುಳುವಿಗೆ ಕೊಂಡಿಯಿಂದ ಚುಚ್ಚಿ ಲಕ್ವ ಹೊಡೆಸಿ, ಅದರ ಮೈಮೇಲೇ ಮೊಟ್ಟೆಯಿಡುತ್ತದೆ. ಹುಳು ಕೊಳೆಯಬಾರದು, ಮರಿಗಳ ಊಟ ಕೆಡಬಾರದು, ಅದಕ್ಕೇ ಕೊಲ್ಲುವುದಿಲ್ಲ. ಮರಿಗಳು ಉಂಡು ಮುಗಿಸಿ, ಹುಳುವಿನ ಖಾಲಿ ಸಿಪ್ಪೆಯ ಪಕ್ಕದಲ್ಲೇ ಗೂಡು ನೇಯ್ದುಕೊಳ್ಳುವವರೆಗೆ ತಾಯಿ ಕಾವಲು ಕೂರುತ್ತದೆ. ಎರಡು ವಾರದೊಳಗೆ ಹೊಸ ಕಣಜಗಳು ಹೊರಬೀಳುತ್ತವೆ. ಕಪ್ಪುತಲೆ ಹುಳುವಿಗೆ ಮೊಟ್ಟೆಯಿಂದ ಪತಂಗವಾಗಲು ಹತ್ತಿರ ಹತ್ತಿರ ಎರಡು ತಿಂಗಳು ಬೇಕು. ಗಣಿತದಲ್ಲಿ ಫೇಲಾದವನಿಗೂ ತಿಳಿಯುವ ಲೆಕ್ಕ ಇದು.

ತೋಟದ ಯಜಮಾನರನ್ನು ಕರೆದು ತೋರಿಸಿದೆ.

'ಇರುವೆ ಕಣಯ್ಯ ಅದು' ಅಂದರು.

'ಅಲ್ಲ ಗೌಡ್ರೇ, ಇದಕ್ಕೆ ರೆಕ್ಕೆ ಇದೆ, ನೋಡಿ.'

ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು. 'ಇದು ತಿಂದು ಮುಗಿಸೋ ಹೊತ್ತಿಗೆ ನನ್ನ ತೋಟ ಇರುತ್ತೇನು?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಟ್ರ್ಯಾಕ್ಟರಿಗೆ ಪಂಪು ಕಟ್ಟಿಕೊಂಡು ಬಂದವರಿಂದ ಇಡೀ ತೋಟಕ್ಕೆ ಹೊಡೆಸಿದರು. ಎರಡು ಮೂರು ವಾರ ಎಲ್ಲ ಸ್ವಚ್ಛ. ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಮತ್ತೆ ಹತ್ತಿದರೆ, ಹುಳು ಮೇಲಿನ ಗರಿಗೂ ಹೋಗಿತ್ತು. ಸುತ್ತಲ ತೋಟದಿಂದ ಪತಂಗಗಳು ರಾತ್ರಿ ಹಾರಿ ಬಂದು ಮೊಟ್ಟೆಯಿಟ್ಟಿವೆ, ತಡೆಯುವವರು ಯಾರೂ ಇಲ್ಲ. ಆರು ಗರಿ ಕೆಡವಿ ಹುಡುಕಿದೆ. ಆ ಕರೀ ತಾಯಿ ಒಂದೂ ಸಿಗಲಿಲ್ಲ. ಸುರಂಗದೊಳಗಿದ್ದ ಹುಳು ಉಳಿದುಕೊಂಡಿತು, ಎಲೆ ಮೇಲೆ ಓಡಾಡಿ ಹುಡುಕುತ್ತಿದ್ದ ಕಣಜ ಸತ್ತಿತು.

ಔಷಧಿಯನ್ನೇ ಮುಟ್ಟಬೇಡಿ ಎಂದು ಹೇಳುವಷ್ಟು ದೊಡ್ಡವನಲ್ಲ ನಾನು. ಬೇರಿಗೆ ಔಷಧಿ ಉಣಿಸುವ ಪದ್ಧತಿ ಇದೆ. ಪೆನ್ಸಿಲ್ ದಪ್ಪದ ಬೇರನ್ನು ಓರೆಯಾಗಿ ಕತ್ತರಿಸಿ, ಔಷಧಿ ನೀರು ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಇಳಿಬಿಟ್ಟು ಕಟ್ಟುತ್ತಾರೆ. ಮರ ಅದನ್ನು ಕುಡಿಯುತ್ತದೆ, ಗರಿ ಕೆರೆಯುವ ಹುಳು ಸಾಯುತ್ತದೆ. ಗಾಳಿಗೆ ಎರಚುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಹಾಗೆ ಉಣಿಸಿದ ಮೇಲೆ 45 ದಿನ ಆ ಮರದ ಕಾಯಿ ಕೀಳಬಾರದು, ಎಳನೀರು ಕುಡಿಯಬಾರದು ಎಂಬ ನಿಯಮವಿದೆ. ಅದನ್ನು ನಮ್ಮಂಥವರಿಗೆ ಯಾರು ಹೇಳುತ್ತಾರೆ? ಒಂದು ಸಲ ಬಾಯಾರಿ, ಮರದ ಮೇಲೇ ಒಂದು ಎಳನೀರು ಕೆತ್ತಿ ಕುಡಿದು ಇಳಿದೆ. ಬುಡದಲ್ಲಿ ಹೊಸದಾಗಿ ಕೆದಕಿದ ಮಣ್ಣು, ಅದರಿಂದ ಇಣುಕುತ್ತಿದ್ದ ಪ್ಲಾಸ್ಟಿಕ್ಕಿನ ತುದಿ. ಯಜಮಾನರನ್ನು ಕೇಳಿದರೆ 'ಹೇಳೋದು ಮರೆತೆ ಕಣೋ' ಅಂದರು. ನನಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಹೊಟ್ಟೆ ಗುಡುಗುಡು ಅಂದಾಗಲೆಲ್ಲ ಎದ್ದು ಕೂತೆ. ಮಗಳ ಚಿತ್ರದಲ್ಲಿ ನನ್ನನ್ನು ಎಲ್ಲಿ ಬರೆಯಬೇಕು ಎಂದು ಯೋಚನೆ ಬಂತು. ತೆಂಗು ತಿನ್ನುವ ಹುಳುವಿನ ಸಾಲಿನಲ್ಲೇ ನಾನೂ ಇದ್ದೇನೆ.

ಗೋನಿಯೋಜಸ್ ಸಾಲದೆ ಬಂದ ಕಡೆ ಪ್ರಯೋಗಾಲಯದಲ್ಲಿ ಸಾಕಿ ಬಿಡುತ್ತಾರೆ. ಒಬ್ಬ ಬೆಳೆಗಾರರ ಜೊತೆ ತರಲು ಹೋದಾಗ ನಾನೂ ಅದನ್ನು ನೋಡಿ ಬಂದೆ. ಜೋಳದ ನುಚ್ಚು ಹಾಕಿ ಅದರಲ್ಲಿ ಅಕ್ಕಿ ಪತಂಗದ ಹುಳು ಸಾಕುತ್ತಾರೆ, ನಮ್ಮ ಮನೆಯ ಹಳೇ ಅಕ್ಕಿಯಲ್ಲಿ ಜಾಡು ಕಟ್ಟುತ್ತದಲ್ಲ, ಅದೇ. ಆ ಹುಳುವನ್ನು ಕಣಜಕ್ಕೆ ಉಣಿಸುತ್ತಾರೆ. ಕಣಜ ದೊಡ್ಡದಾದ ಮೇಲೆ ಗಾಜಿನ ನಳಿಕೆಯಲ್ಲಿ ತುಂಬಿ, ಕುಡಿಯಲು ಒಂದು ತೊಟ್ಟು ಜೇನು ಸವರಿ, ಬಾಯಿಗೆ ಹತ್ತಿ ಗಿಡಿದು ಕೊಡುತ್ತಾರೆ. ರೊಟ್ಟಿಯಾಗಬೇಕಾದ ಜೋಳ ಹೀಗೆ ಸುತ್ತಿ ಬಳಸಿ ತೆಂಗಿನಮರ ಕಾಯುತ್ತದೆ. ನನಗಂತೂ ತಲೆ ತಿರುಗಿತು.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಿಬಿಡಬೇಕು. ಆ ನಳಿಕೆಗಳನ್ನು ಅವತ್ತೇ ಸಂಜೆ ಬಿಡಬೇಕಿತ್ತು. ಮನೆಯಲ್ಲಿ ನೆಂಟರು ಬಂದಿದ್ದರು. ನಾಳೆ ಬಿಟ್ಟರಾಯಿತು ಎಂದು ಅಟ್ಟದ ಮೇಲೆ, ಕೊಬ್ಬರಿ ಪಕ್ಕದಲ್ಲಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಸಾಲುಗಟ್ಟಿದ ಸಣ್ಣ ಕೆಂಪಿರುವೆ. ಜೇನಿನ ವಾಸನೆಗೆ ಹತ್ತಿಯ ಸಂದಿಯಲ್ಲಿ ನುಗ್ಗಿ, ಜೇನು ನೆಕ್ಕಿ, ಕಣಜಗಳನ್ನೂ ತುಂಡು ತುಂಡು ಮಾಡಿ ಹೊತ್ತುಕೊಂಡು ಹೋಗುತ್ತಿದ್ದವು. ಹದಿನಾಲ್ಕು ನಳಿಕೆಯಲ್ಲಿ ಉಳಿದದ್ದು ಐದು. ಬೆಳೆಗಾರರಿಗೆ ಮುಖ ತೋರಿಸಲಾಗದೆ ಎರಡು ದಿನ ಬೇರೆ ದಾರಿಯಲ್ಲಿ ಓಡಾಡಿದೆ. ನಮ್ಮವರು ಅವರು ಎಂಬ ಪಕ್ಷ ಇರುವುದು ನಮಗೆ ಮಾತ್ರ. ಗರಿಯ ತುದಿಯಲ್ಲಿ ಬಲೆ ಕಟ್ಟುವ ಜೇಡ ಕಪ್ಪುತಲೆ ಹುಳುವಿನ ಪತಂಗವನ್ನೂ ತಿನ್ನುತ್ತದೆ, ದುಡ್ಡು ಕೊಟ್ಟು ತಂದ ಕಣಜವನ್ನೂ ತಿನ್ನುತ್ತದೆ.

ಬಿಟ್ಟ ಕಡೆಯೆಲ್ಲ ಗೆದ್ದಿದೆ ಎಂದೂ ಅಲ್ಲ. ಹುಳು ಒಂದಿಷ್ಟು ಬಲಿತಿದ್ದರೆ ಮಾತ್ರ ಗೋನಿಯೋಜಸ್ ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಎಲ್ಲವೂ ಪತಂಗವಾಗಿ ಹಾರುತ್ತಿರುವಾಗ ತಂದು ಬಿಟ್ಟರೆ ಅದು ಹಸಿದು ಸಾಯುತ್ತದೆ. ಪಟ್ಟಿಯಲ್ಲಿ ಹೆಸರು ಬರೆಸಿ, ಸರದಿ ಬಂದು, ನಳಿಕೆ ಕೈಗೆ ಸಿಗುವ ಹೊತ್ತಿಗೆ ಆ ಕಾಲ ಮೀರಿರುತ್ತದೆ. ಬೆಳೆಗಾರ 'ಗೋಣಿ ಹುಳ ಕೆಲಸಕ್ಕೆ ಬರಲ್ಲ' ಎಂದು ಪಂಪಿಗೆ ಫೋನ್ ಮಾಡುತ್ತಾನೆ. ತಪ್ಪು ಕಣಜದ್ದಲ್ಲ, ಬೆಳೆಗಾರನದೂ ಅಲ್ಲ.

ತೆಂಗಿಗೆ ಬಿದ್ದ ಇನ್ನೊಂದು ಪೀಡೆ ಬಿಳಿನೊಣ, ಅದರ ಕಥೆ ಇದಕ್ಕಿಂತ ಚೆನ್ನಾಗಿದೆ. ದೂರದ ಮಧ್ಯ ಅಮೆರಿಕದ ಕಡೆಯ ಕೀಟ, ನಮ್ಮ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಕಡೆ. ಅಲ್ಲಿಂದ ನಮ್ಮಲ್ಲಿಗೆ ಬರಲು ತಡವಾಗಲಿಲ್ಲ. ಗರಿಯ ತಳದಲ್ಲಿ ಸುರುಳಿ ಸುರುಳಿಯಾಗಿ ಬಿಳೀ ಮೇಣದ ಮೊಟ್ಟೆ ಸಾಲು. ರಸ ಹೀರಿ, ಹೆಚ್ಚಾದ ಸಿಹಿಯನ್ನು ಅಂಟು ಮಾಡಿ ಕೆಳಗಿನ ಗರಿಯ ಮೇಲೆ ಉದುರಿಸುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಹತ್ತಿ ಇಳಿದರೆ ಪಂಚೆ, ಕೈ, ಮುಖ ಎಲ್ಲ ಒಲೆಯ ಮಸಿ. ಹೆಂಡತಿ 'ಇದ್ದಿಲು ಸುಡೋ ಕೆಲಸಕ್ಕೆ ಸೇರಿದೆಯಾ?' ಅಂದಳು.

ಈ ಬೂಷ್ಟು ಮರವನ್ನು ತಿನ್ನುವುದಿಲ್ಲ, ಅಂಟನ್ನು ತಿನ್ನುತ್ತದೆ. ಎಲೆಗೆ ಬಿಸಿಲು ತಾಗದಂತೆ ಮುಚ್ಚುವುದು ಅದರ ಉಪದ್ರವ. ಅದನ್ನೂ ಮೇಯುವ ಸಣ್ಣ ದುಂಬಿಯೊಂದಿದೆ ಎಂದು ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ತೆಳ್ಳಗಿನ ಗಂಜಿ ಮಾಡಿ ಎರಚಿದರೆ ಬೂಷ್ಟು ಒಣಗಿ ಹಪ್ಪಳದಂತೆ ಎದ್ದು ಬರುತ್ತದೆ ಎಂದು ಹೇಳಿದವರೂ ಅವರೇ. ಗಂಜಿ ಸ್ವಾಮಿ, ವಿಷವಲ್ಲ.

ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಡುವ ಕಣಜವೊಂದಿದೆ, ಎನ್‌ಕಾರ್ಸಿಯಾ. ಒಂದು ಮಿಲಿಮೀಟರೂ ಇಲ್ಲ. ಗೋನಿಯೋಜಸ್ ಹುಳುವಿನ ಹೊರಗೆ ಕೂತು ಹೀರಿದರೆ, ಇದು ಒಳಗೇ ಹುಟ್ಟಿ ಒಳಗೇ ತಿಂದು ಬೆಳೆದು ಬೆನ್ನು ಕೊರೆದು ಹೊರಬರುತ್ತದೆ. ಯಾರೂ ದುಡ್ಡು ಕೊಟ್ಟು ತಂದದ್ದಲ್ಲ, ತಾನಾಗಿಯೇ ಬಂದು ಸೇರಿಕೊಂಡಿತ್ತು. ತರಬೇತಿಗೆ ಬಂದಿದ್ದ ವಿಜ್ಞಾನಿಯೊಬ್ಬರು ಗುರುತು ಹೇಳಿಕೊಟ್ಟರು. ಖಾಲಿ ಸಿಪ್ಪೆಯ ಮೇಲೆ ಸೀಳು ಇದ್ದರೆ ಬಿಳಿನೊಣ ಹಾರಿಹೋಗಿದೆ, ಗುಂಡಗೆ ತೂತಿದ್ದರೆ ಕಣಜ ಹೊರಬಂದಿದೆ. ಅವತ್ತಿನಿಂದ ಭೂತಗನ್ನಡಿಯಲ್ಲಿ ಗುಂಡು ತೂತು ಎಣಿಸುವುದೇ ನನಗೊಂದು ಹುಚ್ಚು. ಕಣಜ ಇನ್ನೂ ಒಳಗಿರುವಾಗ ಆ ಮರಿ ಕಪ್ಪಗೆ ಕಾಣುತ್ತದೆ. ಅಂಥ ಎಲೆಗಳನ್ನು ಕತ್ತರಿಸಿ ಚೀಲದಲ್ಲಿ ಹಾಕಿಕೊಂಡು ಹೋಗಿ, ಹೊಸದಾಗಿ ನೊಣ ಬಿದ್ದ ತೋಟದ ಗರಿಗೆ ಕಡ್ಡಿಯಲ್ಲಿ ಚುಚ್ಚಿ ಬಂದಿದ್ದೇನೆ, ಎಂಟು ತೋಟಕ್ಕೆ. ಕೂಲಿ ಕೇಳಲಿಲ್ಲ, ಕೊಡುವವರೂ ಇರಲಿಲ್ಲ. ಈ ನೊಣಕ್ಕೆ ಕೀಟನಾಶಕ ಹೊಡೆಯಬೇಡಿ, ಎನ್‌ಕಾರ್ಸಿಯಾ ಸಾಯುತ್ತದೆ ಎಂದು ವಿಜ್ಞಾನಿಗಳೇ ಹೇಳುತ್ತಾ ಬಂದಿದ್ದಾರೆ. ಕಪ್ಪುತಲೆ ಹುಳುವಿಗೆಂದು ಡ್ರೋನು ಹೊಡೆದರೆ ಅದೇ ಗರಿಯಲ್ಲಿರುವ ಎನ್‌ಕಾರ್ಸಿಯಾ ಏನಾಗಬೇಕು?

ರೇಷ್ಮೆ ಸೀಮೆಯವರು ಇದನ್ನು ಒಮ್ಮೆ ಕಂಡಿದ್ದಾರೆ. ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಬಿದ್ದಾಗ, ಸೊಪ್ಪಿಗೆ ಔಷಧಿ ಹೊಡೆದರೆ ರೇಷ್ಮೆ ಹುಳುವೇ ಸಾಯುತ್ತದೆ, ಹೊಡೆಯದಿದ್ದರೆ ಸೊಪ್ಪೇ ಇಲ್ಲ. 2010ರಲ್ಲಿ ಬೆಂಗಳೂರಿನ ಕೀಟ ವಿಜ್ಞಾನಿಗಳು ಪೋರ್ಟೊರಿಕೊದಿಂದ ಅದಕ್ಕೆ ತಕ್ಕ ಕಣಜ ತರಿಸಿ ಬಿಟ್ಟರು. ತಿಗಣೆ ಹತೋಟಿಗೆ ಬಂತು. ನನ್ನ ಭಾವಮೈದುನ ಈಗಲೂ ಆ ಮಾತೆತ್ತಿದರೆ ಕೈ ಮುಗಿಯುತ್ತಾನೆ.

ಇಲಿ ವಿಷಯ ಎರಡೇ ಮಾತು. ಸಿಡಿಲು ಹೊಡೆದು ತಲೆ ಹೋದ ತೆಂಗಿನಮರವನ್ನು 'ಕಡಿದು ಹಾಕಿಬಿಡು' ಅನ್ನುತ್ತಾರೆ. ಅಂಥ ಮರದಲ್ಲಿ ಮರಕುಟಿಗ ಕೊರೆದ ಪೊಟರೆಯಲ್ಲಿ ಹಾಲಕ್ಕಿ ಎಂಬ ಸಣ್ಣ ಗೂಬೆ, ದೊಡ್ಡ ಪೊಟರೆಯಾದರೆ ಬಿಳಿ ಮುಖದ ದೊಡ್ಡ ಗೂಬೆ ಕೂರುತ್ತದೆ. ಅಂಥದೊಂದರ ಬುಡದಲ್ಲಿ ಗೂಬೆ ಕಕ್ಕಿದ ಕೂದಲುಂಡೆ ಸಿಕ್ಕಿತ್ತು. ಒಡೆದರೆ ಮೂರು ಇಲಿ ಬುರುಡೆ, ಹಳದಿ ಹಲ್ಲು ಸಮೇತ. ಒಂದು ರಾತ್ರಿಯ ಊಟವೋ ಏನೋ. ಎಳೇ ಕಾಯಿಗೆ ತೊಟ್ಟಿನ ಪಕ್ಕ ತೂತು ಹಾಕುವ ಇಲಿಗೆ ಪಾಷಾಣ ಇಡುವವರು, ಆ ಇಲಿಯನ್ನು ತಿನ್ನುವ ಗೂಬೆ, ಕೇರೆಹಾವುಗಳಿಗೂ ಊಟಕ್ಕಿಟ್ಟ ಹಾಗೆಯೇ. ಕೇರೆ ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ ಎಂದು ಈಗಲೂ ಹೊಡೆದು ಸಾಯಿಸುವವರಿದ್ದಾರೆ. ಹಾಲು ಕುಡಿಯುವ ಹಾವು ಯಾವುದೂ ಇಲ್ಲ. ಕೊಟ್ಟಿಗೆಗೆ ಅದು ಬರುವುದು ಇಲಿಗಾಗಿ.

ನಾನು ಕೇಳುವುದು ಇಷ್ಟು. ಡ್ರೋನು ಬರಲಿ, ಪಂಪು ಬರಲಿ, ಅದಕ್ಕೆ ಮುಂಚೆ ಎಕರೆಗೆ ನಾಲ್ಕೈದು ಮರದಿಂದ ಒಂದೊಂದು ಗರಿ ಕೆಡವಿ ಮಗುಚಿ ನೋಡಿ. ಜೋಲು ಬಿದ್ದ ಹುಳು, ಬಿಳೀ ಗೂಡಿನ ಸಾಲು, ಗುಂಡು ತೂತು ಕಂಡರೆ ಹೊಡೆಯುವುದನ್ನು ತಡೆಯಿರಿ. ಬರೀ ಹುಳುವೇ ಇದ್ದರೆ ಬೇರಿಗೆ ಕೊಡಿ, ಕೊಟ್ಟ ಮರಕ್ಕೆ ಕೆಂಪು ಬಣ್ಣದ ಪಟ್ಟೆ ಬಳಿಯಿರಿ, ಹತ್ತುವವನಿಗೆ ಗೊತ್ತಾಗಲಿ. ಅಧಿಕಾರಿಗಳು ಐವತ್ತು ಅಡಿ ಮರ ಹತ್ತಿ ನೋಡಲು ಆಗುವುದಿಲ್ಲ, ಅದು ನಮಗೆ ಗೊತ್ತು. ಊರಿಗೆ ಮೂರು ನಾಲ್ಕು ಜನ ಹತ್ತುವವರಿದ್ದೇವೆ. ನಮಗೆ ಒಂದು ದಿನದ ತರಬೇತಿ, ಒಂದು ಒಳ್ಳೆ ಭೂತಗನ್ನಡಿ ಕೊಟ್ಟರೆ ಯಾವ ತೋಟದಲ್ಲಿ ಹುಳು ಎಷ್ಟು ಬಲಿತಿದೆ ಎಂದು ಫೋನಿನಲ್ಲಿ ಫೋಟೊ ಸಮೇತ ಕಳಿಸುತ್ತೇವೆ. ನಳಿಕೆ ಸರಿಯಾದ ಹೊತ್ತಿಗೆ ಬರಲಿ. ಇರುವೆ ಹತ್ತದ ಹಾಗೆ ನೀರಿನ ತಟ್ಟೆಯ ನಡುವೆ ಇಡುವುದನ್ನು ನಾನು ಕಲಿತಿದ್ದೇನೆ.

ಬರುವ ಮಂಗಳವಾರ ಅದೇ ಮೂರೂವರೆ ಎಕರೆ ತೋಟಕ್ಕೆ ಕಾಯಿ ಕೆಡವಲು ಹೋಗುತ್ತಿದ್ದೇನೆ. ಯಜಮಾನರು ಈ ಸಲ ಪಂಪಿನವರಿಗೆ ಇನ್ನೂ ಹೇಳಿಲ್ಲ. 'ಮೊದಲು ನೀನು ಹತ್ತಿ ನೋಡು' ಅಂದಿದ್ದಾರೆ. ನಿಮ್ಮ ವರದಿಗಾರರು ಬರುವುದಾದರೆ ಬೆಳಿಗ್ಗೆ ಎಂಟರೊಳಗೆ ಬರಲಿ, ಬಿಸಿಲೇರಿದರೆ ನಾನು ಹತ್ತುವುದಿಲ್ಲ. ಭೂತಗನ್ನಡಿ ಅವರೇ ತರಬೇಕು. ನನ್ನದಕ್ಕೆ ಗೀರು ಬಿದ್ದು ಹಾಳಾಗಿದೆ.

ಇಂತಿ,
ಕಾಯಿ ಕೆಡವುವವನು,
ತಿಪಟೂರು ತಾಲ್ಲೂಕು